ಗಾಜು ಇಳಿಯಲೂಬೇಕು: ನಾಲೆ ಸೀಮೆಯ ಕಾರಿನವರಿಗೆ ಪವರ್ ವಿಂಡೋ ಕೈಪಿಡಿ

ಸಂಕ್ರಾಂತಿಗೆ ಒಂದು ವಾರ ಇತ್ತು. ಮದ್ದೂರಿನಿಂದ ಮಳವಳ್ಳಿಗೆ ಹೊರಟಿದ್ದೆ. ಮದ್ದೂರಿನಲ್ಲಿ ಎಳನೀರು ಕೊಳ್ಳಲು ಇಳಿಸಿದ ಎಡಬದಿಯ ಗಾಜು ಮತ್ತೆ ಏರಲಿಲ್ಲ. ಸ್ವಿಚ್ ಒತ್ತಿದರೆ ಬಾಗಿಲೊಳಗೆ ಒಂದು ನರಳಾಟ, ನಾಲ್ಕು ಬೆರಳಿನಷ್ಟು ಮೇಲೇರಿ ಅಲ್ಲೇ ಓರೆಯಾಗಿ ನಿಂತಿತು. ಸುಗ್ಗಿಯ ಕಾಲವಾದ್ದರಿಂದ ದಾರಿಯುದ್ದಕ್ಕೂ ಅಲ್ಲಲ್ಲಿ ರಸ್ತೆಯ ಮೇಲೇ ಹುರುಳಿ, ರಾಗಿ ಹರಡಿ ಒಕ್ಕಣೆ ನಡೆದಿತ್ತು. ಮುಂದಿನ ಲಾರಿ ಎಬ್ಬಿಸಿದ ಹೊಟ್ಟೆಲ್ಲ ತೆರೆದ ಕಿಟಕಿಯಿಂದ ನಮ್ಮ ಮಡಿಲಿಗೇ ಬಂತು.

ಮಳವಳ್ಳಿಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ನಿಲ್ಲಿಸಿದೆ. ಹೊಸ ಮೋಟಾರಿಗೆ ಎಷ್ಟಾಗಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆತ ಸ್ಪ್ಯಾನರ್ ಮುಟ್ಟಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು, "ಒತ್ತಿ ಅಣ್ಣ" ಎಂದರು. ಒತ್ತಿದೆ. "ಇನ್ನೊಂದ್ ಕಿತ ಒತ್ತಿ." ಮತ್ತೆ ಒತ್ತಿದೆ. "ಮೋಟ್ರು ಚೆನ್ನಾಗದೆ ಕಣಣ್ಣ. ದಾರಿ ಕಟ್ಕೊಂಡದೆ, ಅಷ್ಟೇಯ."

ತೆಳುವಾದ ಪ್ಲಾಸ್ಟಿಕ್ ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಗಾಜು ಓಡಾಡುವ ರಬ್ಬರ್ ಗಾಡಿಯೊಳಗೆ ಇಳಿಸಿ ಎಳೆದರು. ಹೊರಬಂದದ್ದು ಹುರುಳಿ ಹೊಟ್ಟು, ಕೆಂಪು ಮಣ್ಣು, ಎರಡೂ ಸೇರಿ ಗಟ್ಟಿಯಾದ ಹೆಂಟೆ. ನಾಲ್ಕೈದು ಸಲ ಹೀಗೆ ಮಾಡಿ ಸಿಲಿಕೋನ್ ಸ್ಪ್ರೇ ಹೊಡೆದರು. ಗಾಜು ಸರಾಗವಾಗಿ ಏರಿತು. ಆಮೇಲೆ ಉಳಿದ ಮೂರು ಗಾಜುಗಳನ್ನೂ ಒಂದೊಂದಾಗಿ ಒತ್ತಿ ನೋಡಿದರು. ಹಿಂದಿನ ಬಲಬದಿಯದು ಇಳಿಯಲೇ ಇಲ್ಲ. "ಅದು ಆರು ತಿಂಗಳಿಂದ ಹಂಗೇ ಇದೆ. ಎ.ಸಿ. ಹಾಕ್ಕೊಂಡೇ ಓಡಾಡೋದು, ತೊಂದರೆ ಏನಿಲ್ಲ" ಎಂದೆ.

ಆತ ನನ್ನ ಮುಖ ನೋಡಿದರು. "ಏರ್ದೇ ಇದ್ರೆ ಮಳೇಲಿ ನೆನೀತೀರ, ಅಷ್ಟೇಯ. ಇಳೀದೇ ಇದ್ರೆ? ನಾಲೆ ಪಕ್ಕದ ಊರ್ನೋರು ಅಣ್ಣ ನಾವು."

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಏರದ ಗಾಜನ್ನು ನಾವು ಅಂದೇ ರಿಪೇರಿ ಮಾಡಿಸುತ್ತೇವೆ, ಏಕೆಂದರೆ ಮಳೆಯ ಭಯ, ಕಳ್ಳರ ಭಯ. ಇಳಿಯದ ಗಾಜನ್ನು ಮಾತ್ರ ತಿಂಗಳುಗಟ್ಟಲೆ ಹಾಗೇ ಬಿಡುತ್ತೇವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ, ಟೋಲ್‌ನಲ್ಲೂ ಫಾಸ್ಟ್ಯಾಗ್ ಬಂದಮೇಲೆ, ಗಾಜು ಇಳಿಸುವ ಸಂದರ್ಭವೇ ಕಮ್ಮಿ. ಹೀಗಾಗಿ ಕೆಟ್ಟಿದ್ದು ಗೊತ್ತೂ ಆಗುವುದಿಲ್ಲ. ಆದರೆ ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆ ಬಯಲಿನಲ್ಲೆಲ್ಲ ಹರಡಿಕೊಂಡಿದೆ. ಎಷ್ಟೋ ಊರಿನ ರಸ್ತೆ ಅದರ ಏರಿಯ ಮೇಲೇ ಸಾಗುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ತೀರಿಕೊಂಡರು. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ನಾಲೆಗೆ ಬಿದ್ದು ಐವರು ಹೋದರು. ನಮ್ಮ ಸೀಮೆಯಲ್ಲಿ ಕಾರಿನ ಕಿಟಕಿಯೆಂದರೆ ಗಾಳಿಗೆ ಮಾತ್ರ ಅಲ್ಲ, ಜೀವ ಹೊರಬರುವ ದಾರಿಯೂ ಹೌದು.

ಬಾಗಿಲೊಳಗೆ ಏನಿದೆ?

ಡೋರ್ ಪ್ಯಾಡ್ ಬಿಚ್ಚಿದರೆ ಕಾಣುವುದು ಮೂರೇ ಮುಖ್ಯ ಸಾಮಾನು. ಒಂದು, 12 ವೋಲ್ಟ್‌ನ ಪುಟ್ಟ ಮೋಟಾರ್. ಎರಡು, ಮೋಟಾರಿನ ತಿರುಗಾಟವನ್ನು ಏರಿಳಿತವಾಗಿ ಬದಲಿಸುವ ರೆಗ್ಯುಲೇಟರ್. ಗ್ಯಾರೇಜುಗಳಲ್ಲಿ ಇದಕ್ಕೆ 'ಗ್ಲಾಸ್ ಮೆಷಿನ್' ಎನ್ನುತ್ತಾರೆ. ಮೂರು, ಗಾಜಿನ ಎರಡು ಅಂಚನ್ನು ಹಿಡಿದು ದಾರಿ ತೋರಿಸುವ ರಬ್ಬರ್ ಗಾಡಿ. ಇಲ್ಲಿ ಗಾಡಿ ಎಂದರೆ ವಾಹನವಲ್ಲ, ಗಾಜು ಜಾರುವ ತೋಡು.

ರೆಗ್ಯುಲೇಟರಿನಲ್ಲಿ ಎರಡು ಜಾತಿ. ಕತ್ತರಿಯಂತೆ ಎರಡು ಕೈ ಅಡ್ಡ ಕೂಡಿ ಗಾಜನ್ನು ಎತ್ತುವುದು ಒಂದು. ಬಾವಿಯ ರಾಟೆಯಂತೆ ಉಕ್ಕಿನ ಕೇಬಲ್ಲು ಪುಟ್ಟ ಚಕ್ರಗಳ ಮೇಲೆ ಓಡುತ್ತ ಗಾಜನ್ನು ಎಳೆಯುವುದು ಇನ್ನೊಂದು. ಈಗಿನ ಕಾರುಗಳಲ್ಲಿ ಕೇಬಲ್ ಮಾದರಿಯೇ ಹೆಚ್ಚು.

ಮೋಟಾರಿಗೆ ಸಾಮಾನ್ಯವಾಗಿ ಎರಡೇ ತಂತಿ. ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಅರ್ತ್ ಬಂದರೆ ಗಾಜು ಏರುತ್ತದೆ. ಅದಲುಬದಲಾದರೆ ಇಳಿಯುತ್ತದೆ. ಈ ಅದಲುಬದಲು ಮಾಡುವುದೇ ಸ್ವಿಚ್ಚಿನ ಕೆಲಸ. ಸ್ವಿಚ್ ಬಿಟ್ಟಾಗ ಎರಡೂ ತಂತಿ ಅರ್ತ್‌ಗೆ ಹೋಗಿ ಕೂರುತ್ತವೆ. ಬಹಳ ಕಾರುಗಳಲ್ಲಿ ಆ ಅರ್ತ್ ಸಿಗುವುದು ಡ್ರೈವರ್ ಕೈಬಳಿಯ ಮುಖ್ಯ ಸ್ವಿಚ್ಚಿನ ಮೂಲಕ. ಇದನ್ನು ನೆನಪಿಟ್ಟುಕೊಳ್ಳಿ. ಎಡಬಾಗಿಲ ಗಾಜು ಕೆಟ್ಟಿತೆಂದರೆ ತಪ್ಪು ಎಡಬಾಗಿಲಲ್ಲೇ ಇರಬೇಕಾಗಿಲ್ಲ. ಡ್ರೈವರ್ ಬಾಗಿಲಲ್ಲೂ ಇರಬಹುದು.

ಮೊದಲು ಕಿವಿ, ಆಮೇಲೆ ಕೈ

ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಮಾಡಿ, ರೇಡಿಯೋ ಮತ್ತು ಎ.ಸಿ. ಫ್ಯಾನ್ ಆರಿಸಿ. ಸ್ವಿಚ್ ಒತ್ತಿ ಕೇಳಿ. ಒಳಗಿನ ದೀಪದ ಮೇಲೂ ಕಣ್ಣಿರಲಿ.

ಶಬ್ದವೇ ಇಲ್ಲ, ದೀಪವೂ ಮಂಕಾಗುವುದಿಲ್ಲ: ಮೋಟಾರಿಗೆ ಕರೆಂಟೇ ತಲುಪುತ್ತಿಲ್ಲ, ಇಲ್ಲವೇ ಮೋಟಾರಿನೊಳಗೇ ದಾರಿ ತುಂಡಾಗಿದೆ. ಫ್ಯೂಸ್, ಸ್ವಿಚ್, ಬಾಗಿಲ ಸಂದಿನ ತಂತಿ, ಮೋಟಾರಿನ ಕಾರ್ಬನ್ ಬ್ರಷ್, ಈ ಕ್ರಮದಲ್ಲಿ ಹುಡುಕಿ.

ಶಬ್ದವಿಲ್ಲ, ಆದರೆ ಒತ್ತಿದ ಕ್ಷಣ ದೀಪ ತುಸು ಮಂಕಾಗುತ್ತದೆ: ಕರೆಂಟ್ ತಲುಪುತ್ತಿದೆ, ಮೋಟಾರಿಗೆ ತಿರುಗಲಾಗುತ್ತಿಲ್ಲ. ಗಾಜು ಸಿಕ್ಕಿಕೊಂಡಿದೆ ಅಥವಾ ಮೋಟಾರ್ ಹಿಡಿದುಕೊಂಡಿದೆ. ಪದೇ ಪದೇ ಒತ್ತಬೇಡಿ.

ಮೋಟಾರ್ ಸರಾಗವಾಗಿ ತಿರುಗುವ ಸದ್ದಿದೆ, ಗಾಜು ಅಲ್ಲಾಡುವುದಿಲ್ಲ: ಕೇಬಲ್ ತುಂಡಾಗಿದೆ ಅಥವಾ ಗಾಜನ್ನು ಹಿಡಿದಿದ್ದ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿದೆ. ಕರಕರ, ಕಟಕಟ ಸದ್ದು ಬಂದರೆ ಕೇಬಲ್ ಚಕ್ರದಿಂದ ಜಾರಿ ಸುತ್ತಿಕೊಳ್ಳುತ್ತಿದೆ ಎಂದರ್ಥ.

ನರಳುತ್ತ ಏರುತ್ತದೆ, ಓರೆಯಾಗುತ್ತದೆ, ಇಳಿಯುವಾಗ ಸರಾಗ: ರಬ್ಬರ್ ಗಾಡಿಯಲ್ಲಿ ಕೊಳೆ ತುಂಬಿದೆ ಅಥವಾ ರಬ್ಬರ್ ಒಣಗಿದೆ. ನನ್ನ ಕಾರಿಗೆ ಆಗಿದ್ದು ಇದೇ.

ಇಳಿಯುತ್ತದೆ, ಏರುವುದಿಲ್ಲ, ಏರಿಸಲು ಒತ್ತಿದರೆ ಸದ್ದೇ ಇಲ್ಲ: ಸಾಮಾನ್ಯವಾಗಿ ಸ್ವಿಚ್ಚಿನ ಒಂದು ಬದಿಯ ಕಾಂಟ್ಯಾಕ್ಟ್ ಸುಟ್ಟಿರುತ್ತದೆ. ಏರುತ್ತದೆ, ಇಳಿಯುವುದಿಲ್ಲ ಎಂಬುದಕ್ಕೂ ಇದೇ ಮಾತು.

ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ: ಸ್ವಿಚ್ ಒತ್ತಿ ಹಿಡಿದು ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ. ಒಂದು ಕೋನದಲ್ಲಿ ಮಾತ್ರ ಓಡಿದರೆ ಬಾಗಿಲ ಸಂದಿನ ತಂತಿಯದೇ ಕೆಲಸ. ಅದಲ್ಲದೆ ಡೋರ್ ಪ್ಯಾಡನ್ನು ಅಂಗೈಯಿಂದ ಬಡಿದಾಗ ಓಡಿದರೆ ಮೋಟಾರಿನ ಕಾರ್ಬನ್ ಸವೆದಿದೆ. ಬಡಿದು ಓಡಿಸುವ ಮೋಟಾರಿನ ಆಯಸ್ಸು ಹೆಚ್ಚಿಲ್ಲ. ಅದನ್ನು ಬದಲಿಸಲು ದಿನ ಗೊತ್ತು ಮಾಡಿ.

ಪೂರ್ತಿ ಏರಿ ತಾನೇ ಕೆಳಗಿಳಿಯುತ್ತದೆ: ಒಮ್ಮೆ ಒತ್ತಿದರೆ ಪೂರ್ತಿ ಏರುವ ಆಟೋ ಗಾಜುಗಳಲ್ಲಿ, ಕೈ ಸಿಕ್ಕಿದರೆ ಹಿಂದಕ್ಕೆ ಬರುವ ಏರ್ಪಾಡಿದೆ. ಗಾಡಿಯ ಕೊಳೆಯನ್ನೇ ಅದು ಕೈಯೆಂದು ತಿಳಿದು ಹಿಂಜರಿಯುತ್ತದೆ. ಮೊದಲು ಗಾಡಿ ಶುಚಿ ಮಾಡಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಆಟೋ ಕೆಲಸ ನಿಂತಿದ್ದರೆ ಅದಕ್ಕೆ ಮತ್ತೆ ಪಾಠ ಹೇಳಿಕೊಡಬೇಕು. ಬಹುತೇಕ ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ, ಸ್ವಿಚ್ಚನ್ನು ಇನ್ನೂ ಕೆಲವು ಸೆಕೆಂಡ್ ಎಳೆದು ಹಿಡಿದರೆ ಸಾಕು. ನಿಮ್ಮ ಕಾರಿನ ಕ್ರಮ ಅದರ ಕೈಪಿಡಿಯಲ್ಲಿದೆ.

ಇನ್ನೊಂದು ಮಾತು. ಮಕ್ಕಳು ಗಾಜನ್ನು ಹತ್ತಾರು ಸಲ ಏರಿಸಿ ಇಳಿಸಿ ಆಡಿದ ಮೇಲೆ ಅದು ಹಠಾತ್ತನೆ ನಿಂತರೆ ಗಾಬರಿ ಬೇಡ. ಮೋಟಾರ್ ಬಿಸಿಯಾದಾಗ ತಾನೇ ಕರೆಂಟ್ ಕಡಿದುಕೊಳ್ಳುವ ರಕ್ಷಣೆ ಅದರೊಳಗಿದೆ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ.

ಕಾಸಿಲ್ಲದ ಪರೀಕ್ಷೆಗಳು

ಮೊಟ್ಟಮೊದಲು ಲಾಕ್ ಬಟನ್. ಡ್ರೈವರ್ ಬಾಗಿಲಲ್ಲಿ ಕಿಟಕಿಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಬಟನ್ ಇರುತ್ತದೆ. ಅದು ಒತ್ತಿಕೊಂಡಿದ್ದರೆ ಉಳಿದ ಬಾಗಿಲುಗಳ ಸ್ವಿಚ್ಚುಗಳು ಸತ್ತಂತೆ ಇರುತ್ತವೆ, ಆ ಗಾಜುಗಳು ಡ್ರೈವರ್ ಕೈಯಲ್ಲಿ ಮಾತ್ರ ಓಡುತ್ತವೆ. ಗ್ಯಾರೇಜಿನವರೆಗೂ ಹೋಗಿ ಈ ಬಟನ್ ಬಿಡಿಸಿಕೊಂಡು ಬಂದವರು ಉಂಟು.

ಎರಡನೆಯದು ಅದಲುಬದಲು ಪರೀಕ್ಷೆ. ಎಡಗಾಜು ತನ್ನ ಸ್ವಿಚ್‌ನಿಂದ ಓಡದೆ ಡ್ರೈವರ್ ಸ್ವಿಚ್‌ನಿಂದ ಓಡಿದರೆ ಎಡಬಾಗಿಲ ಸ್ವಿಚ್ಚೇ ಕೆಟ್ಟಿದೆ, ಮೋಟಾರ್ ಸರಿಯಿದೆ. ಮದ್ದೂರಿನ ಎಳನೀರು, ವಡೆಯ ಎಣ್ಣೆಗೈ, ಕಾಫಿ ಇವೆಲ್ಲ ಬೀಳುವುದು ಇದೇ ಕೈಯೊರಗಿನ ಮೇಲೆ. ಎಳನೀರು ಒಣಗಿದಾಗ ಅಂಟು, ಉಪ್ಪಿನಂಶ ಎರಡೂ ಸ್ವಿಚ್ಚಿನೊಳಗೆ ಉಳಿದು ತಾಮ್ರವನ್ನು ಹಸಿರುಗಟ್ಟಿಸುತ್ತವೆ. ಬ್ಯಾಟರಿ ಬಿಚ್ಚಿ, ಸ್ವಿಚ್ಚನ್ನು ಮೇಲಕ್ಕೆತ್ತಿ, ಕಪ್ಲರ್ (ತಂತಿ ಸಿಕ್ಕಿಸುವ ಪ್ಲಗ್ಗು) ಕಳಚಿ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ಪೂರ್ತಿ ಒಣಗಿದ ಮೇಲೆ ಜೋಡಿಸಿ. ಎಷ್ಟೋ ಸ್ವಿಚ್ಚುಗಳು ಇಷ್ಟಕ್ಕೇ ಬದುಕುತ್ತವೆ.

ಮೂರನೆಯದು ಫ್ಯೂಸ್. ನಾಲ್ಕೂ ಗಾಜು ಒಟ್ಟಿಗೆ ನಿಂತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಯಾವುದು ಯಾವುದರದ್ದು ಎಂಬ ನಕ್ಷೆ ಇರುತ್ತದೆ. ಪವರ್ ವಿಂಡೋಗೆ ಸಾಮಾನ್ಯವಾಗಿ 20ರಿಂದ 30 ಆಂಪಿಯರ್. ಹಳದಿ ಬಣ್ಣದ್ದು 20, ಹಸಿರು 30. ಕೆಟ್ಟ ಫ್ಯೂಸಿಗೆ ಅಷ್ಟೇ ಆಂಪಿಯರಿನದನ್ನು ಹಾಕಿ. ತಂತಿ ಸುತ್ತುವುದು, ಸಿಗರೇಟಿನ ಬೆಳ್ಳಿ ಕಾಗದ ಇಡುವುದು, 20ರ ಜಾಗಕ್ಕೆ 30 ಹಾಕುವುದು ಬೆಂಕಿಯನ್ನು ಬಾಗಿಲಿಗೆ ಕರೆದಂತೆ. ಹೊಸ ಫ್ಯೂಸ್ ಕೂಡಲೇ ಸುಟ್ಟರೆ ಎಲ್ಲೋ ತಂತಿ ಬಾಡಿಗೆ ತಾಗುತ್ತಿದೆ ಅಥವಾ ಮೋಟಾರ್ ಸಿಕ್ಕಿಕೊಂಡಿದೆ. ಮತ್ತೊಂದು ಫ್ಯೂಸ್ ಸುಡದೆ ಕಾರಣ ಹುಡುಕಿ.

ರಬ್ಬರ್ ಗಾಡಿ ಶುಚಿ ಮಾಡುವ ಬಗೆ

ಗಾಜನ್ನು ಪೂರ್ತಿ ಇಳಿಸಿ. ಹಳೆಯ ಸ್ಕೇಲಿನಂಥ ತೆಳು ಪ್ಲಾಸ್ಟಿಕ್ ಪಟ್ಟಿಗೆ ಹತ್ತಿ ಬಟ್ಟೆ ಸುತ್ತಿ, ತುಸು ಸೋಪಿನ ನೀರಲ್ಲಿ ಅದ್ದಿ ಹಿಂಡಿ, ಎರಡೂ ಬದಿಯ ಗಾಡಿಯಲ್ಲಿ ಮೇಲಿಂದ ಕೆಳಕ್ಕೆ ಎಳೆಯಿರಿ. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಬದಲಿಸುತ್ತಿರಿ. ಚಾಕು, ಸ್ಕ್ರೂಡ್ರೈವರ್ ಬೇಡ. ರಬ್ಬರಿನ ಒಳಮೈಗೆ ಮಖಮಲ್ಲಿನಂಥ ಪದರ ಇರುತ್ತದೆ. ಅದು ಕಿತ್ತುಬಂದರೆ ಗಾಜು ಜಾರುವುದಿಲ್ಲ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆದು ಗಾಜನ್ನು ಐದಾರು ಸಲ ಓಡಿಸಿ, ಅಂಚಿಗೆ ಬಂದದ್ದನ್ನು ಒರೆಸಿ.

ಎಂಜಿನ್ ಆಯಿಲ್, ಗ್ರೀಸ್, ಕೊಬ್ಬರಿ ಎಣ್ಣೆ, ಡೀಸೆಲ್ ಇವನ್ನು ರಬ್ಬರಿಗೆ ಹಾಕಲೇಬೇಡಿ. ಪೆಟ್ರೋಲಿನ ಜಾತಿಯವು ರಬ್ಬರನ್ನು ಉಬ್ಬಿಸುತ್ತವೆ. ಮಿಕ್ಕವು ದೂಳನ್ನು ಅಂಟಿಸಿಕೊಂಡು ಮರುವಾರವೇ ಮರಳುಕಾಗದದಂತೆ ಗಾಜನ್ನು ಉಜ್ಜುತ್ತವೆ.

ನಮ್ಮ ಕಡೆಯ ಗಾಡಿಗಳಲ್ಲಿ ಸೇರುವ ಕೊಳೆಗೂ ಋತುಮಾನವಿದೆ. ಸುಗ್ಗಿಯಲ್ಲಿ ಹುರುಳಿ, ರಾಗಿಯ ಹೊಟ್ಟು. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ಬೂದಿ, ತರಗಿನ ಪುಡಿ. ಬೇಸಿಗೆಯ ಮೊದಲಲ್ಲಿ ಹೊಂಗೆಮರದ ಕೆಳಗೆ ನಿಲ್ಲಿಸಿದ ಕಾರಿನ ಕಿಟಕಿಯ ಸಂದಿಗೆಲ್ಲ ಹೊಂಗೆ ಹೂವು. ಬೋರ್‌ವೆಲ್ಲಿನ ಗಡಸು ನೀರಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಬಿಳಿ ಸುಣ್ಣದ ಪೊರೆ. ಇವೆಲ್ಲ ಗಾಡಿಯಲ್ಲಿ ಮಾತ್ರ ಉಳಿಯುವುದಿಲ್ಲ, ಬಾಗಿಲ ತಳಕ್ಕೂ ಇಳಿಯುತ್ತವೆ. ಬಾಗಿಲ ಕೆಳ ಅಂಚಿನಲ್ಲಿ ನೀರು ಹೋಗಲೆಂದು ಎರಡು ಮೂರು ಸಣ್ಣ ಕಂಡಿಗಳಿವೆ. ಹೊಟ್ಟು, ಹೂವು ಅವನ್ನು ಮುಚ್ಚಿದರೆ ಮಳೆನೀರು ಬಾಗಿಲೊಳಗೇ ನಿಂತು ಮೋಟಾರ್, ಕೇಬಲ್ ಎರಡಕ್ಕೂ ತುಕ್ಕು ಹಿಡಿಸುತ್ತದೆ. ಬಾಗಿಲು ಆಡಿಸುವಾಗ ನೀರು ತುಳುಕಿದ ಸದ್ದು ಕೇಳಿದರೆ ಇಂದೇ ಒಂದು ಕಡ್ಡಿಯಿಂದ ಆ ಕಂಡಿ ಬಿಡಿಸಿ.

ಕಿಟಕಿಯ ಮೇಲೆ ಮಳೆಗೆ ಅಂಟಿಸಿದ ವೈಸರ್ ಗಾಡಿಯೊಳಗೆ ಒತ್ತಿದ್ದರೂ, ಗಾಜಿನ ಹಳೆಯ ಫಿಲ್ಮ್ ಅಂಚು ಬಿಟ್ಟು ಸುರುಳಿಯಾಗಿದ್ದರೂ ಇದೇ ತೊಂದರೆ. ಮೋಟಾರನ್ನು ದೂರುವ ಮುಂಚೆ ಇವನ್ನೂ ನೋಡಿ.

ಬಾಗಿಲ ಸಂದಿನ ತಂತಿ

ಬಾಗಿಲಿಗೂ ಕಾರಿನ ಮೈಯ ಕಂಬಕ್ಕೂ ನಡುವೆ, ತಿರುಗಣಿಯ ಬಳಿ, ಸುಕ್ಕುಸುಕ್ಕಾದ ರಬ್ಬರ್ ಕೊಳವೆಯಿದೆ. ತಂತಿಗಳೆಲ್ಲ ಅದರೊಳಗಿಂದಲೇ ಬಾಗಿಲಿಗೆ ಹೋಗಬೇಕು. ಬಾಗಿಲು ತೆರೆದಾಗಲೆಲ್ಲ ಅವು ಮಡಿಸಿಕೊಳ್ಳುತ್ತವೆ. ಹಲವು ವರ್ಷ ಓಡಿದ ಕಾರಿನಲ್ಲಿ, ಅದರಲ್ಲೂ ಡ್ರೈವರ್ ಬಾಗಿಲಲ್ಲಿ, ತಂತಿ ಒಳಗೊಳಗೇ ತುಂಡಾಗಿ ಮೇಲಿನ ಪ್ಲಾಸ್ಟಿಕ್ ಮಾತ್ರ ಗಟ್ಟಿಯಾಗಿ ಕಾಣುತ್ತಿರುತ್ತದೆ.

ಇಲ್ಲೇ ಬಹಳ ಜನ ಮೋಸಹೋಗುವುದು. ತಂತಿಯ ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ. ಬರಿಗೈಲಿ ನಿಂತವನು ಗಟ್ಟಿಯಾಗೇ ಕಾಣುತ್ತಾನೆ. ತಲೆಗೆ ಕಬ್ಬಿನ ಹೊರೆ ಹೊರಿಸಿದಾಗಲೇ ಬಲ ಗೊತ್ತಾಗುವುದು. ಅದಕ್ಕೇ ಎಲೆಕ್ಟ್ರಿಷಿಯನ್‌ಗಳು ಟೆಸ್ಟ್ ಲ್ಯಾಂಪ್ ನೆಚ್ಚುತ್ತಾರೆ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಕಟ್ಟಿದರೆ ನಿಮ್ಮದೂ ತಯಾರು. ಅದನ್ನು ಮೋಟಾರಿನ ಕಪ್ಲರಿನ ಎರಡು ಪಿನ್ನಿಗೆ ಕೊಟ್ಟು ಸ್ವಿಚ್ಚನ್ನು ಮೇಲೆ, ಕೆಳಗೆ ಒತ್ತಿ. ಎರಡೂ ಸಲ ಚೆನ್ನಾಗಿ ಉರಿದರೆ ಕರೆಂಟ್ ಸರಿಯಿದೆ, ಮೋಟಾರೇ ಕೆಟ್ಟಿದೆ. ಒಂದು ಸಲ ಮಾತ್ರ ಉರಿದರೆ ಸ್ವಿಚ್. ಮಂಕಾಗಿ ಉರಿದರೆ ತಂತಿ ಇಲ್ಲವೇ ಕಪ್ಲರಿನ ತುಕ್ಕು. ಉರಿಯದೇ ಇದ್ದರೆ ಸಂದಿನ ತಂತಿಯಿಂದ ಸ್ವಿಚ್ಚಿನತ್ತ ಹಿಂದಕ್ಕೆ ನಡೆಯಿರಿ.

ತುಕ್ಕಿನಿಂದ ಒಂದೆರಡು ವೋಲ್ಟ್ ಹೋದರೆ ಏನಾಯಿತು ಎನ್ನುವವರಿಗೆ ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ ಒಂದು ಉದಾಹರಣೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಿದಾಗ ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರು. ಅಷ್ಟು ಎತ್ತರಕ್ಕೆ ಏರಿಸಿದ್ದರಿಂದಲೇ ದಾರಿಯಲ್ಲಿ ಆಗುವ ನಷ್ಟ ಗಣಿಗೆ ತಲುಪುವ ಹೊತ್ತಿಗೆ ಸಹಿಸುವಷ್ಟಾಯಿತು. ಕಾರಿನಲ್ಲಿ ನಮಗಿರುವುದು ಹನ್ನೆರಡೇ ವೋಲ್ಟ್. ಹಸಿರುಗಟ್ಟಿದ ಒಂದು ಕಪ್ಲರ್ ಎರಡು ವೋಲ್ಟ್ ನುಂಗಿದರೂ ಬಂಡವಾಳದ ಆರರಲ್ಲೊಂದು ಪಾಲು ಹೋಯಿತು. ಮೋಟಾರ್ ನರಳದೆ ಇನ್ನೇನು ಮಾಡೀತು?

ತಂತಿ ತುಂಡಾಗಿದ್ದರೆ ಬರೀ ತಿರುಚಿ ಟೇಪು ಸುತ್ತಿಸಬೇಡಿ. ಅಷ್ಟೇ ದಪ್ಪದ ತಂತಿ ತುಂಡನ್ನು ಸೇರಿಸಿ, ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಬೆಸುಗೆ ಬಿದ್ದ ಜಾಗ ಮಡಿಸುವ ಸಂದಿಗೆ ಬರದೆ ಬಾಗಿಲೊಳಗೆ ಅಥವಾ ಕಂಬದೊಳಗೆ ಇರುವಂತೆ ನೋಡಿಕೊಳ್ಳಿ. ಮಡಿಸುವ ಕಡೆಯೇ ಬೆಸುಗೆ ಇದ್ದರೆ ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ.

ಡೋರ್ ಪ್ಯಾಡ್ ಬಿಚ್ಚುವವರಿಗೆ

ಕೈಕೆಲಸ ಬಲ್ಲವರು ಇದನ್ನು ಮನೆಯಲ್ಲೇ ಮಾಡಬಹುದು. ಆತುರಪಡುವ ಕೆಲಸವಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಡಿ. ಬಾಗಿಲಲ್ಲಿ ಅಥವಾ ಸೀಟಿನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಇದನ್ನು ಮರೆಯುವಂತಿಲ್ಲ. ಸ್ಕ್ರೂಗಳು ಹಿಡಿಕೆಯ ಗುಂಡಿಯಲ್ಲಿ, ಒಳ ಹ್ಯಾಂಡಲ್ಲಿನ ಹಿಂದೆ, ಸಣ್ಣ ಮುಚ್ಚಳಗಳ ಕೆಳಗೆ ಅಡಗಿರುತ್ತವೆ. ಎಲ್ಲ ಬಿಚ್ಚಿದ ಮೇಲೆ ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಸೀಳುಪಟ್ಟಿ ಹಾಕಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ. ಒಂದೆರಡು ಮುರಿಯುವುದು ಸಹಜ. ಮೊದಲೇ ಕೆಲವು ಕ್ಲಿಪ್ಪು ತಂದಿಟ್ಟುಕೊಳ್ಳಿ. ಜೋಡಿಸಿದ ಮೇಲೆ ಪ್ಯಾಡ್ ಗಡಗಡ ಎನ್ನುವುದು ಇವು ಇಲ್ಲದಾಗಲೇ.

ಒಳಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದಿದೆ. ಹರಿದು ಬಿಸಾಡಬೇಡಿ. ಗಾಜಿನ ಸಂದಿಯಿಂದ ಇಳಿವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ. ರಿಪೇರಿಯಾದ ಮೇಲೆ ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆಯಾಗುತ್ತಿದೆ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಹಾಳೆಯೇ.

ರೆಗ್ಯುಲೇಟರ್ ಬೋಲ್ಟ್ ಮುಟ್ಟುವ ಮುನ್ನ ಗಾಜನ್ನು ಮೇಲಕ್ಕೆತ್ತಿ, ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಅಗಲ ಟೇಪಿನಿಂದ ಭದ್ರವಾಗಿ ಕಟ್ಟಿ. ಬಿಚ್ಚಿದ ಗಾಜು ಜಾರಿ ಬೆರಳ ಮೇಲೆ ಬಿದ್ದರೆ ಬೆರಳೂ ಹೋಯಿತು, ಗಾಜೂ ಹೋಯಿತು. ಕತ್ತರಿ ಮಾದರಿಯಲ್ಲಿ ಬಲವಾದ ಸುರುಳಿ ಸ್ಪ್ರಿಂಗ್ ಇರುತ್ತದೆ. ಮೋಟಾರ್ ಕಳಚಿದ ಕೂಡಲೇ ಅದು ಹಲ್ಲಿನ ಕೈಯನ್ನು ರಭಸದಿಂದ ತಿರುಗಿಸಿಬಿಡುತ್ತದೆ. ಅಂಥ ಮೆಷಿನ್ನನ್ನು ಅನುಭವಿಗಳ ಕೈಗೇ ಕೊಡಿ.

ಗಾಜು ಮೆಷಿನ್ನಿನಿಂದ ಬಿಡುಗಡೆಯಾಗಿದ್ದಾಗ ಅದನ್ನು ಕೈಯಿಂದಲೇ ಮೇಲೆ ಕೆಳಗೆ ಸರಿಸಿ ನೋಡಿ. ಕೈಗೆ ಹಗುರವಾಗಿ ಜಾರಿದರೆ ಗಾಡಿ ಸರಿಯಿದೆ. ಕೈಗೇ ಬಿಗಿ ಎನಿಸಿದರೆ ಹೊಸ ಮೋಟಾರ್ ಹಾಕಿದರೂ ಅದು ಬಹುದಿನ ಬಾಳುವುದಿಲ್ಲ. ಈ ಒಂದು ನಿಮಿಷದ ಪರೀಕ್ಷೆ ಬಿಟ್ಟಿದ್ದಕ್ಕೇ ಎಷ್ಟೋ ಜನ ವರ್ಷಕ್ಕೊಂದು ಮೋಟಾರ್ ಹಾಕಿಸುತ್ತಿದ್ದಾರೆ.

ಮೋಟಾರನ್ನು ನೇರ ಬ್ಯಾಟರಿಗೆ ಕೊಟ್ಟು ನೋಡುವುದಾದರೆ ನಡುವೆ 20 ಆಂಪಿಯರಿನ ಫ್ಯೂಸ್ ಇರಲಿ. ಎರಡೇ ತಂತಿಯ ಮೋಟಾರಿಗೆ ಮಾತ್ರ ಹೀಗೆ ಮಾಡಿ. ಕಪ್ಲರಿನಲ್ಲಿ ಹೆಚ್ಚು ತಂತಿಗಳಿದ್ದರೆ ಮೋಟಾರಿನ ಜತೆ ಎಲೆಕ್ಟ್ರಾನಿಕ್ಸ್ ಸೇರಿದೆ. ಅದಕ್ಕೆ ನೇರ ಕರೆಂಟ್ ಕೊಟ್ಟರೆ ಸುಟ್ಟುಹೋಗಬಹುದು.

ಕೇಬಲ್ ತುಂಡಾಗಿದ್ದರೆ ಪೂರ್ತಿ ರೆಗ್ಯುಲೇಟರ್ ಬದಲಿಸುವುದೇ ಲೇಸು. ಮೋಟಾರ್ ಚೆನ್ನಾಗಿದ್ದರೆ ಅದನ್ನೇ ಹೊಸ ರೆಗ್ಯುಲೇಟರಿಗೆ ಜೋಡಿಸಬಹುದೇ ಎಂದು ಕೇಳಿ. ಮಂಡ್ಯದ ಬಿಡಿಭಾಗದ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹಳೆಯ ಸಾಮಾನನ್ನು ಕೈಲೇ ಹಿಡಿದು ಹೋಗಿ. ಎಡ–ಬಲ, ಮುಂದೆ–ಹಿಂದೆ, ಕಪ್ಲರಿನ ಆಕಾರ ಎಲ್ಲ ಹೊಂದಬೇಕು.

ಗ್ಯಾರೇಜಿನಲ್ಲಿ ಏನು ಹೇಳಬೇಕು?

"ಗ್ಲಾಸ್ ಕೆಟ್ಟೋಗದೆ, ನೋಡಿ" ಎಂದಷ್ಟೇ ಹೇಳಿದರೆ ಅವರು ಎಲ್ಲಿಂದಲಾದರೂ ಶುರು ಮಾಡಬೇಕು. ಹೀಗೆ ಹೇಳಿ: ಯಾವ ಬಾಗಿಲು, ಏರುವುದಿಲ್ಲವೋ ಇಳಿಯುವುದಿಲ್ಲವೋ, ಎಂಥ ಸದ್ದು, ಡ್ರೈವರ್ ಸ್ವಿಚ್ಚಿನಲ್ಲಿ ಓಡುತ್ತದೆಯೋ, ಫ್ಯೂಸ್ ನೋಡಿದ್ದೀರೋ, ಮಳೆಯಲ್ಲಿ ಹೆಚ್ಚೋ ಬಿಸಿಲಲ್ಲಿ ಹೆಚ್ಚೋ. ಇಷ್ಟು ಹೇಳಿದರೆ ಅರ್ಧ ಕೆಲಸ ಆದಂತೆ. ಮೋಟಾರ್ ಬದಲಿಸಬೇಕೆಂದರೆ, "ಒಂದ್ಸಲ ಟೆಸ್ಟ್ ಲ್ಯಾಂಪ್ ಕೊಟ್ಟು ತೋರಿಸಿ ಅಣ್ಣ" ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಸಂತೋಷದಿಂದ ತೋರಿಸುತ್ತಾರೆ. ಕಳಚಿದ ಹಳೆಯ ಸಾಮಾನನ್ನೂ ಕೇಳಿ ಪಡೆಯಿರಿ.

ದಾರಿಯಲ್ಲಿ ಗಾಜು ಇಳಿದೇ ನಿಂತು ಮಳೆ ಬಂದರೆ: ಇಬ್ಬರಿದ್ದರೆ ಒಬ್ಬರು ಸ್ವಿಚ್ ಒತ್ತಲಿ, ಇನ್ನೊಬ್ಬರು ಗಾಜಿನ ಎರಡೂ ಮೈಗೆ ಅಂಗೈ ಒತ್ತಿ ಮೇಲಕ್ಕೆ ಎಳೆಯಲಿ. ಬಿಗಿಯಾದ ಗಾಡಿಯಾದರೆ ಹೀಗೆ ಏರುತ್ತದೆ. ಏರಿದ ಮೇಲೆ ರಿಪೇರಿಯಾಗುವ ತನಕ ಇಳಿಸಬೇಡಿ. ಕ್ಲಿಪ್ಪು ಮುರಿದು ಗಾಜು ಸಡಿಲವಾಗಿದ್ದರೆ ಎತ್ತಿ, ಮೇಲಂಚಿನಿಂದ ಬಾಗಿಲ ಚೌಕಟ್ಟಿಗೆ ಟೇಪು ಹಾಕಿ.

ನೀರಿಗೆ ಬಿದ್ದರೆ

ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. ನೀರಿಗೆ ಬಿದ್ದ ಕಾರು ಕೂಡಲೇ ಮುಳುಗುವುದಿಲ್ಲ. ಸ್ವಲ್ಪ ಹೊತ್ತು ತೇಲುತ್ತದೆ. ಆ ಮೊದಲ ಅರ್ಧ ನಿಮಿಷ, ಒಂದು ನಿಮಿಷವೇ ನಮ್ಮದು. ಮುಳುಗುವ ಕಾರುಗಳ ಮೇಲೆ ಬಹಳ ಪ್ರಯೋಗ ಮಾಡಿದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಕ್ರಮ ಇಷ್ಟೇ: ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವೂ ಹೊರಬನ್ನಿ. ಫೋನ್ ಮಾಡುತ್ತ ಕೂರಬೇಡಿ. ಬಾಗಿಲು ತೆರೆಯಲು ಹೆಣಗಬೇಡಿ. ಹೊರಗಿನ ನೀರು ಅದನ್ನು ಒತ್ತಿ ಹಿಡಿದಿರುತ್ತದೆ, ತೆರೆದರೂ ನೀರು ನುಗ್ಗಿ ಕಾರು ಬೇಗ ಮುಳುಗುತ್ತದೆ.

ನೀರಿಗೆ ಬಿದ್ದ ಕೂಡಲೇ ಪವರ್ ವಿಂಡೋ ಸಾಯುವುದಿಲ್ಲ. ಚೆನ್ನಾಗಿರುವ ಗಾಜು ಆ ಮೊದಲ ಕ್ಷಣಗಳಲ್ಲಿ ಇಳಿಯುವ ಸಂಭವ ಹೆಚ್ಚು. ನೀರು ಗಾಜಿನ ಮಟ್ಟಕ್ಕೆ ಏರಿತೆಂದರೆ ಅದರ ಒತ್ತಡಕ್ಕೆ ಗಾಜು ಗಾಡಿಗೆ ಬಿಗಿದು, ಮೋಟಾರ್ ಎಷ್ಟು ಎಳೆದರೂ ಬಾರದು. ಮೊದಲೇ ನರಳುತ್ತಿದ್ದ ಗಾಜಿಗೆ ಆ ಹೊತ್ತಿನಲ್ಲಿ ಏನು ಕೇಳಿಕೊಳ್ಳುವುದು?

ಗಾಜು ಇಳಿಯದಿದ್ದರೆ ಒಡೆಯಬೇಕು. ಅದಕ್ಕೆಂದೇ ಸಿಗುವ ಮೊನೆಯುಳ್ಳ ಪುಟ್ಟ ಸುತ್ತಿಗೆ, ಬೆಲ್ಟ್ ಕತ್ತರಿಸುವ ಬ್ಲೇಡ್ ಸಮೇತ, ಡ್ರೈವರ್ ಕೈಗೆಟುಕುವಲ್ಲಿ ಭದ್ರವಾಗಿರಲಿ. ಡಿಕ್ಕಿಯಲ್ಲಿದ್ದರೆ ಇದ್ದೂ ಇಲ್ಲದಂತೆ. ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ, ನಡುವಿಗಲ್ಲ. ಮುಂದಿನ ಗಾಜು ಪದರದ್ದು, ಒಡೆದರೂ ಬಿಡುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಗಾಜೂ ಪದರದ್ದೇ. ನಿಮ್ಮದು ಯಾವುದೆಂದು ಗಾಜಿನ ಮೂಲೆಯ ಗುರುತು ನೋಡಿ ಈಗಲೇ ತಿಳಿದಿಟ್ಟುಕೊಳ್ಳಿ. ಮಕ್ಕಳ ಕೈ, ಕತ್ತು ಸಿಕ್ಕದಿರಲೆಂದು ಲಾಕ್ ಬಟನ್ ಒತ್ತಿಡುವುದು ಒಳ್ಳೆಯದೇ. ಆದರೆ ಆಗ ಹಿಂದಿನ ಗಾಜುಗಳನ್ನು ಇಳಿಸುವ ಹೊಣೆ ಡ್ರೈವರದ್ದು. ಕತ್ತಲಲ್ಲೂ ಆ ನಾಲ್ಕು ಸ್ವಿಚ್ ಬೆರಳಿಗೆ ಗೊತ್ತಿರಬೇಕು. ಪಕ್ಕದ ಸೀಟಿನವರಿಗೂ ಅವು ಎಲ್ಲಿವೆ ಎಂದು ತೋರಿಸಿಡಿ.

ತಿಂಗಳಿಗೆ ಐದು ನಿಮಿಷ

ತಿಂಗಳ ಮೊದಲ ಭಾನುವಾರ ನಾಲ್ಕೂ ಗಾಜನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ. ಒಂದು ಗಾಜು ಉಳಿದವಕ್ಕಿಂತ ನಿಧಾನವಾದರೆ ಅದೇ ಮೊದಲ ಸುಳಿವು. ಸುಗ್ಗಿ ಮುಗಿದ ಮೇಲೆ ಒಮ್ಮೆ, ಮುಂಗಾರಿಗೆ ಮುನ್ನ ಒಮ್ಮೆ ಗಾಡಿ ಶುಚಿ ಮಾಡಿ ಸಿಲಿಕೋನ್ ಹಾಕಿ, ಬಾಗಿಲ ತಳದ ಕಂಡಿ ಬಿಡಿಸಿ.

ನನ್ನ ಕಾರಿನ ಹಿಂದಿನ ಬಲಗಾಜಿಗೆ ಅಂದು ಆಗಿದ್ದು ಇಷ್ಟು: ಸಂದಿನ ರಬ್ಬರ್ ಕೊಳವೆ ಸರಿಸಿದಾಗ ಒಂದು ತಂತಿ ತುಂಡಾಗಿ ಹಸಿರುಗಟ್ಟಿತ್ತು. ಬೆರಳುದ್ದದ ಹೊಸ ತಂತಿ, ಎರಡು ಬೆಸುಗೆ, ಅರ್ಧ ಗಂಟೆ. ಆರು ತಿಂಗಳು ನಾನು ಬೇಡವೆಂದು ಬಿಟ್ಟ ಕೆಲಸ ಅದು. ಆ ಸೀಟಿನಲ್ಲಿ ಆರು ತಿಂಗಳೂ ಕೂತು ಬಂದವಳು ನನ್ನ ಅವ್ವ. ಅವತ್ತು ಸಂಜೆ ಊರಿಗೆ ಹಿಂದಿರುಗುವಾಗ ನಾಲೆ ಏರಿಯ ಮೇಲೆ ಹೊರಳುವ ಮುನ್ನ ಕಾರು ನಿಲ್ಲಿಸಿ ನಾಲ್ಕೂ ಗಾಜು ಇಳಿಸಿದೆ. "ಯಾಕಪ್ಪ, ಚಳಿ" ಎಂದಳು ಅವ್ವ. ನಾಲ್ಕೂ ಇಳಿದವು. ಏರಿಸಿಕೊಂಡು ಮುಂದಕ್ಕೆ ಹೊರಟೆವು.